ಮಾಳಿಗೆ, ಹೆಂಚು, ತಗಡು: ರೋಣ, ನರಗುಂದ, ಗಜೇಂದ್ರಗಡದ ಮಳೆ ಕಲಿಸುವ ಪಾಠ

ಮಳೆಗಾಲ ಸಮೀಪಿಸಿತೆಂದರೆ ನಮ್ಮ ಬೆಳೆಗಾರ ಬಾಂಧವರ ಲಕ್ಷ್ಯವೆಲ್ಲ ತೋಟದ ಕಡೆಗೇ. ಅಡಿಕೆಗೆ ಬೋರ್ಡೋ ದ್ರಾವಣ ಸಿಂಪಡಿಸಬೇಕು, ಕಾಫಿಯ ನೆರಳು ಸವರಬೇಕು, ಚರಂಡಿ ಬಿಡಿಸಬೇಕು, ಗೊಬ್ಬರ ಹಾಕಬೇಕು. ಮನೆಯ ಮಾಡಿನ ನೆನಪಾಗುವುದು ಮೊದಲ ಹನಿ ಹಾಸಿಗೆಯ ಮೇಲೆ ಬಿದ್ದಾಗ. ಆ ಹೊತ್ತಿಗೆ ಮಾಡು ಹತ್ತುವವರು ಸಿಗುವುದಿಲ್ಲ. ಸಿಕ್ಕರೂ ಕೇಳಿದಷ್ಟು ಕೂಲಿ ಕೊಡಬೇಕು, ಮಾಡಿದಷ್ಟು ಕೆಲಸಕ್ಕೆ ತೃಪ್ತಿಪಡಬೇಕು.

ಈ ವಿಷಯವನ್ನು ಈ ಸಲ ನಾವು ಸ್ವಲ್ಪ ದೂರದ ಊರುಗಳ ಮೂಲಕ ಪರಿಶೀಲಿಸಬಯಸುತ್ತೇವೆ. ಗದಗ ಜಿಲ್ಲೆಯ ರೋಣ, ನರಗುಂದ ಮತ್ತು ಗಜೇಂದ್ರಗಡ ತಾಲ್ಲೂಕುಗಳು ಕಾಫಿಯ ಸೀಮೆಯಲ್ಲ. ಜೋಳ, ಕಡಲೆ, ಹೆಸರು, ಈರುಳ್ಳಿ, ಮೆಣಸಿನಕಾಯಿ, ಹತ್ತಿಯ ಎರೆಸೀಮೆ. ಹಾಗಿದ್ದರೆ ನಮ್ಮ ಪತ್ರಿಕೆಯಲ್ಲಿ ಆ ಊರುಗಳ ಮಾತೇಕೆ ಎಂದು ಸದಸ್ಯರು ಕೇಳಬಹುದು. ಅದಕ್ಕೆ ಎರಡು ಕಾರಣಗಳಿವೆ. ಕಾಫಿ ಕೊಯ್ಲಿನ ಹಾಗೂ ಅಡಿಕೆ ಸುಗ್ಗಿಯ ದಿನಗಳಲ್ಲಿ ಉತ್ತರ ಕರ್ನಾಟಕದ ಬಯಲು ಸೀಮೆಯ ಕುಟುಂಬಗಳು ನಮ್ಮ ತೋಟಗಳಿಗೆ ದುಡಿಯಲು ಬರುತ್ತವೆ. ಅವರ ಮನೆಯ ಮಾಡಿಗೂ ನಮ್ಮ ಕೊಯ್ಲಿಗೂ ಕಣ್ಣಿಗೆ ಕಾಣದ ಸಂಬಂಧವಿದೆ. ಇದು ಮೊದಲನೆಯದು. ಎರಡನೆಯದೆಂದರೆ, ಹವಾಮಾನಕ್ಕೂ ಮಾಡಿಗೂ ಇರುವ ಲೆಕ್ಕ ಅಲ್ಲಿ ಬಹಳ ನಿಚ್ಚಳವಾಗಿ ಕಾಣುತ್ತದೆ. ಆ ಲೆಕ್ಕ ತಿಳಿದರೆ ನಮ್ಮ ಹೆಂಚಿನ ಮಾಡನ್ನೂ ಅಡಿಕೆ ಒಣಗಿಸುವ ತಗಡಿನ ಚಪ್ಪರವನ್ನೂ ಕಾಪಾಡಿಕೊಳ್ಳುವುದು ಸುಲಭ.

ಕಡಿಮೆ ಮಳೆಯ ಊರು, ಒಮ್ಮೆಲೇ ಸುರಿಯುವ ಮಳೆ

1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟು ಗದಗ ಜಿಲ್ಲೆಯಾಯಿತು. ಗಜೇಂದ್ರಗಡ ಅನೇಕ ವರ್ಷ ರೋಣ ತಾಲ್ಲೂಕಿನಲ್ಲೇ ಇದ್ದು, ಈಚೆಗೆ ಪ್ರತ್ಯೇಕ ತಾಲ್ಲೂಕಾಗಿದೆ. ಈ ಮೂರೂ ತಾಲ್ಲೂಕುಗಳು ಉತ್ತರದ ಒಣ ವಲಯಕ್ಕೆ ಸೇರಿದವು. ವರ್ಷದ ಮಳೆ ಸುಮಾರು 600 ಮಿಲಿಮೀಟರ್. ನಮ್ಮ ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಮಿಕ್ಕಿ ಸುರಿಯುತ್ತದೆ ಎಂಬುದನ್ನು ನೆನೆದರೆ ಅಲ್ಲಿಯದು ಮಳೆಯೇ ಅಲ್ಲ ಎನಿಸೀತು. ಆದರೆ ಮನೆಯನ್ನು ಕೆಡಹುವುದು ವರ್ಷದ ಒಟ್ಟು ಮಳೆಯಲ್ಲ. ಒಂದು ದಿನದ, ಒಂದು ವಾರದ ಮಳೆ.

ಆ ಸೀಮೆಯಲ್ಲಿ ಮನೆಗೆ ಅಪಾಯ ತರುವ ಕಾಲ ಎರಡು. ಮೊದಲನೆಯದು ಏಪ್ರಿಲ್, ಮೇ ತಿಂಗಳ ಗುಡುಗು, ಸಿಡಿಲು, ಬಿರುಗಾಳಿ, ಆಲಿಕಲ್ಲಿನ ಮಳೆ. ಇದು ಅರ್ಧ ತಾಸಿನ ಆಟ; ಆದರೆ ತಗಡು ಹಾರುವುದೂ ಹೆಂಚು ಒಡೆಯುವುದೂ ಈ ಅರ್ಧ ತಾಸಿನಲ್ಲೇ. ಎರಡನೆಯದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳ ಉತ್ತರಿ ಮತ್ತು ಹಸ್ತ ಮಳೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದು ಮೋಡಗಳು ಒಳನಾಡಿಗೆ ನುಗ್ಗಿದಾಗ ಮೂರು ನಾಲ್ಕು ದಿನ ಬಿಡದೆ ಸುರಿಯುತ್ತದೆ. ಮಣ್ಣಿನ ಮನೆಗಳನ್ನು ಕೆಡಹುವುದು ಈ ಜಡಿಮಳೆ. ಇವೆರಡರ ನಡುವೆ ಜೂನ್‌ನಿಂದ ಆಗಸ್ಟ್‌ವರೆಗೆ ಬಲವಾದ ಪಡುವಣ ಗಾಳಿ ಬೀಸುತ್ತದೆ. ಗಜೇಂದ್ರಗಡದ ಗುಡ್ಡಗಳ ಮೇಲೆ ಸಾಲಾಗಿ ನಿಂತಿರುವ ಗಾಳಿಯಂತ್ರಗಳೇ ಆ ಗಾಳಿಯ ಕಸುವಿಗೆ ಸಾಕ್ಷಿ.

ಮೇಲ್ಮುದ್ದೆಯ ಮಾಳಿಗೆ

ಇಂಥ ಹವೆಗೆ ಹಿಂದಿನವರು ಕಂಡುಕೊಂಡ ಮಾಡು ಮಣ್ಣಿನ ಮಾಳಿಗೆ. ಕಲ್ಲು ಮಣ್ಣಿನ ದಪ್ಪ ಗೋಡೆ; ಅದರ ಮೇಲೆ ತೊಲೆ; ತೊಲೆಯ ಮೇಲೆ ಅಡ್ಡಲಾಗಿ ಜಂತಿ; ಜಂತಿಯ ಮೇಲೆ ಹಲಗೆ ಅಥವಾ ಒತ್ತೊತ್ತಾಗಿ ಜೋಡಿಸಿದ ಕಟ್ಟಿಗೆಯ ಚಿಲಿಕೆ; ಅದರ ಮೇಲೆ ಬೇವಿನ ಸೊಪ್ಪಿನ ಹಾಸು; ಎಲ್ಲಕ್ಕೂ ಮೇಲೆ ಮುಕ್ಕಾಲು ಅಡಿಯಷ್ಟು ಮಣ್ಣು. ಅಂಚಿಗೆ ಸುತ್ತ ಕುಂಬಿ, ನೀರು ಹೊರಕ್ಕೆ ಬೀಳಲು ಹರನಾಳಿಗೆ, ಬೆಳಕಿಗೆ ಬೆಳಕಿಂಡಿ. ಬೇಸಗೆಯಲ್ಲಿ ಹೊರಗೆ 40 ಡಿಗ್ರಿ ಕಾಯುವಾಗಲೂ ಒಳಗೆ ತಂಪು. ಕಾಳು ಒಣಗಿಸಲು, ರಾತ್ರಿ ಮಲಗಲು ಅದೇ ಮಾಳಿಗೆ. ಇದನ್ನು ಬಡವರ ಮಾಡೆಂದು ತಳ್ಳಿಹಾಕುವವರು ಅದರ ಹಿಂದಿನ ಜಾಣ್ಮೆಯನ್ನು ಕಂಡಿಲ್ಲ ಎಂದೇ ಹೇಳಬೇಕು.

ಮಾಳಿಗೆಗೆ ಎಲ್ಲ ಮಣ್ಣೂ ಆಗುವುದಿಲ್ಲ. ಹೊಲದ ಎರೆಮಣ್ಣು ಒಣಗಿದಾಗ ಬಿರಿಯುತ್ತದೆ. ಬಿರುಕಿನಲ್ಲಿ ನೀರು ನೇರವಾಗಿ ಒಳಗಿಳಿಯುತ್ತದೆ. ಆದ್ದರಿಂದ ಬಯಲು ಸೀಮೆಯವರು ಮಾಳಿಗೆಗೆಂದೇ ಚೌಳು ಅಥವಾ ಕರಲು ಮಣ್ಣನ್ನು ಹುಡುಕಿ ತರುತ್ತಿದ್ದರು. ಈ ಮಣ್ಣಿನಲ್ಲಿ ಸೋಡಿಯಂ ಹೆಚ್ಚು. ನೀರು ತಾಗಿದೊಡನೆ ಇದರ ಜೇಡಿಯ ಕಣಗಳು ಬಿಡಿಬಿಡಿಯಾಗಿ ಹರಡಿ, ಸಣ್ಣ ಸಂದುಗಳನ್ನು ಮುಚ್ಚಿಬಿಡುತ್ತವೆ. ಹೊಲದಲ್ಲಿ ಚೌಳು ರೈತನಿಗೆ ಶತ್ರು, ಯಾಕೆಂದರೆ ನೀರನ್ನು ಒಳಗೆ ಬಿಡುವುದಿಲ್ಲ. ಅದೇ ಗುಣ ಮಾಳಿಗೆಯ ಮೇಲೆ ಮಿತ್ರನಾಗುತ್ತದೆ. ಬೇವಿನ ಸೊಪ್ಪನ್ನು ಹಾಸುವುದಕ್ಕೂ ಅರ್ಥವಿದೆ. ಗೆದ್ದಲು ಬೇವಿನ ಹತ್ತಿರ ಸುಲಭವಾಗಿ ಸುಳಿಯುವುದಿಲ್ಲ.

ಪ್ರತಿ ವರ್ಷ ಮುಂಗಾರಿಗೆ ಮೊದಲು ಮಾಳಿಗೆಯ ಹುಲ್ಲು ಕಿತ್ತು, ಇಲಿ ಹೆಗ್ಗಣದ ಬಿಲ ಮುಚ್ಚಿ, ಹೊಸ ಮಣ್ಣು ಹರಡಿ, ಹರನಾಳಿಗೆಯ ಕಡೆಗೆ ಇಳಿಜಾರು ಕೊಟ್ಟು, ಬಡಿದು ಗಟ್ಟಿ ಮಾಡಬೇಕು. ಇದು ಒಬ್ಬರಿಂದ ಆಗುವ ಕೆಲಸವಲ್ಲ. ಹಿಂದೆ ಮುಯ್ಯಾಳಿನ ಪದ್ಧತಿಯಲ್ಲಿ ಓಣಿಯವರೆಲ್ಲ ಸೇರಿ ಇಂದು ಒಬ್ಬರ ಮಾಳಿಗೆ, ನಾಳೆ ಇನ್ನೊಬ್ಬರದು ಎಂದು ಮುಗಿಸುತ್ತಿದ್ದರು. ದುಡಿಯುವ ಕೈಗಳು ಊರು ಬಿಟ್ಟು ಹೋದಂತೆ ಮುಯ್ಯಾಳೂ ತೆಳುವಾಯಿತು. ಆಳು ಇಲ್ಲದೆ ಒಂದು ವರ್ಷ ತಪ್ಪಿದ ಮಾಳಿಗೆ ಎರಡನೆಯ ವರ್ಷ ಸೋರುತ್ತದೆ, ಮೂರನೆಯ ವರ್ಷ ತೊಲೆಯ ತುದಿ ಕೊಳೆಯುತ್ತದೆ.

ಭಾರದ ಲೆಕ್ಕ

ಮಾಳಿಗೆ ಯಾಕೆ ಬೀಳುತ್ತದೆ ಎಂಬುದನ್ನು ಅಂಕಿಯಲ್ಲಿ ನೋಡೋಣ. 20 ಸೆಂಟಿಮೀಟರ್ ದಪ್ಪದ ಒಣ ಮಣ್ಣು ಒಂದು ಚದರ ಮೀಟರಿಗೆ ಸುಮಾರು 320 ಕಿಲೋ ತೂಗುತ್ತದೆ. ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದದ ಒಂದು ಕೋಣೆಯೆಂದರೆ 11 ಚದರ ಮೀಟರ್. ಅಂದರೆ ಮಲಗಿದವರ ತಲೆಯ ಮೇಲೆ ಮೂರೂವರೆ ಟನ್ ಮಣ್ಣು. ಅದು ನೀರು ಕುಡಿದರೆ ಚದರ ಮೀಟರಿಗೆ ಇನ್ನೂ 60ರಿಂದ 80 ಕಿಲೋ ಏರುತ್ತದೆ. ಒಂದು ಕೋಣೆಗೆ ಮುಕ್ಕಾಲು ಟನ್ ಹೆಚ್ಚುವರಿ ಭಾರ ಬಂದಂತಾಯಿತು. ಹರನಾಳಿಗೆ ಕಟ್ಟಿಕೊಂಡು 100 ಚದರ ಮೀಟರಿನ ಮಾಳಿಗೆಯ ಮೇಲೆ ಒಂದು ಅಂಗುಲ ನೀರು ನಿಂತರೆ ಅದರ ತೂಕವೇ ಎರಡೂವರೆ ಟನ್.

ಇನ್ನೊಂದು ವಿಷಯ ಹಲವರ ಗಮನಕ್ಕೆ ಬಾರದು. ಪ್ರತಿ ವರ್ಷ ಎರಡು ಅಂಗುಲ ಹೊಸ ಮಣ್ಣು ಹಾಕುತ್ತ ಹಳೆಯದನ್ನು ತೆಗೆಯದಿದ್ದರೆ, ಮಳೆಗೆ ಕೊಚ್ಚಿಹೋದದ್ದು ಕಳೆದರೂ ಹತ್ತಾರು ವರ್ಷದಲ್ಲಿ ಮಣ್ಣಿನ ದಪ್ಪ ಇಮ್ಮಡಿಯಾಗುತ್ತದೆ. ತೊಲೆ ಮಾತ್ರ ಅಜ್ಜನ ಕಾಲದ್ದೇ. ಗೋಡೆಯೊಳಗೆ ಹುದುಗಿದ ಅದರ ತುದಿಯನ್ನು ಗೆದ್ದಲು ತಿಂದಿರುವುದು ಹೊರಗೆ ಕಾಣುವುದಿಲ್ಲ.

ಆದರೂ ಬಹಳಷ್ಟು ಸಲ ಮೊದಲು ಸೋಲುವುದು ಮಾಡಲ್ಲ, ಗೋಡೆ. ಮಣ್ಣಿನ ಗೋಡೆಯ ಬುಡಕ್ಕೆ ನೀರು ಏರಿದರೆ ಅದರ ಕಸುವು ಕರಗುತ್ತದೆ. ಎರೆಭೂಮಿ ನೆನೆದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಅಡಿಪಾಯ ಅಲುಗಾಡಿ ಗೋಡೆ ಬಿರಿಯುತ್ತದೆ. ಗೋಡೆ ಜಾರಿದರೆ ತೊಲೆ ಜಾರಿತು; ತೊಲೆ ಜಾರಿದರೆ ಮೂರೂವರೆ ಟನ್ ಕೆಳಕ್ಕೆ. ಮಳೆ ನಿಂತು ಬಿಸಿಲು ಬಿದ್ದ ಮೇಲೆಯೂ ಗೋಡೆಗಳು ಬೀಳುವುದುಂಟು. ಆದ್ದರಿಂದ ಮಳೆ ಬಿಟ್ಟಿತೆಂದು ಅದೇ ದಿನ ಒಳಗೆ ಹೋಗಿ ಮಲಗುವುದು ವಿವೇಕವಲ್ಲ.

ಅಪಾಯದ ಗುರುತುಗಳು ಮೊದಲೇ ಕಾಣುತ್ತವೆ. ಜಂತಿಯ ಸಂದಿನಿಂದ ಮಣ್ಣು ಉದುರುವುದು, ಸಲೀಸಾಗಿದ್ದ ಬಾಗಿಲು ಏಕಾಏಕಿ ಬಿಗಿಯಾಗುವುದು, ತೊಲೆ ಕೂರುವ ಜಾಗದಲ್ಲಿ ಹೊಸ ಬಿರುಕು, ಗೋಡೆಯ ಹೊಟ್ಟೆ ಉಬ್ಬುವುದು, ಕಟ್ಟಿಗೆ ಲಟಲಟನೆ ಸದ್ದು ಮಾಡುವುದು. ಇವುಗಳಲ್ಲಿ ಒಂದು ಕಂಡರೂ ಆ ರಾತ್ರಿಯನ್ನು ಶಾಲೆಯಲ್ಲೋ ಗುಡಿಯಲ್ಲೋ ನೆಂಟರ ಮನೆಯಲ್ಲೋ ಕಳೆಯಬೇಕು. ಸಾಮಾನು ಆಮೇಲೆ ತೆಗೆಯಬಹುದು.

2009 ಮತ್ತು 2019

2009ರ ಮುಂಗಾರು ಉತ್ತರ ಕರ್ನಾಟಕಕ್ಕೆ ಕೈಕೊಟ್ಟಿತ್ತು. ಬರದ ಮಾತೇ ಎಲ್ಲೆಡೆ. ಸೆಪ್ಟೆಂಬರ್ ಕೊನೆಯ ದಿನಗಳಿಂದ ಅಕ್ಟೋಬರ್ 2ರವರೆಗೆ ಹಸ್ತ ಮಳೆ ಸುರಿದ ಪರಿ ಹಿರಿಯರೂ ಕಂಡಿರದಂಥದು. ರಾಜ್ಯದಲ್ಲಿ ಸತ್ತವರ ಸಂಖ್ಯೆ 200 ದಾಟಿತು; ಲಕ್ಷಗಟ್ಟಲೆ ಮನೆಗಳು ಬಿದ್ದವು ಇಲ್ಲವೆ ಜಖಂಗೊಂಡವು. ಅವುಗಳಲ್ಲಿ ಹೆಚ್ಚಿನವು ಮಣ್ಣಿನ ಗೋಡೆಯ, ಮಣ್ಣಿನ ಮಾಳಿಗೆಯ ಮನೆಗಳು. ನದಿ ದೂರವಿದ್ದ ಊರುಗಳಲ್ಲೂ ಮನೆ ಬಿದ್ದವು ಎಂಬುದು ಗಮನಾರ್ಹ. ನೆರೆ ಬರಲಿಲ್ಲ, ಆದರೆ ಮಾಡು ನೀರು ಕುಡಿಯಿತು. ಆ ಬಳಿಕ ‘ಆಸರೆ’ ಯೋಜನೆಯಲ್ಲಿ ಸರ್ಕಾರವೂ ದಾನಿಗಳೂ ಸೇರಿ ಹೊಸ ಜಾಗದಲ್ಲಿ ಮನೆಗಳನ್ನು ಕಟ್ಟಿಸಿದರು. ಹೊಲ, ದನ, ಕಣ ಎಲ್ಲ ಹಳೆಯ ಊರಿನಲ್ಲೇ ಇದ್ದುದರಿಂದ ಅನೇಕರು ಹೊಸ ಮನೆಗೆ ಹೋಗಲಿಲ್ಲ.

2019ರ ಆಗಸ್ಟ್‌ನಲ್ಲಿ ಕಥೆ ಬೇರೆ. ಪಶ್ಚಿಮ ಘಟ್ಟದ ಮಳೆಯಿಂದ ಮಲಪ್ರಭೆ ತುಂಬಿ, ಸವದತ್ತಿ ಬಳಿಯ ನವಿಲುತೀರ್ಥ ಅಣೆಕಟ್ಟೆಯಿಂದ ನೀರು ಬಿಡಬೇಕಾಯಿತು. ಬೆಣ್ಣೆಹಳ್ಳವೂ ಉಕ್ಕಿತು, ಈ ಹಳ್ಳ ರೋಣ ತಾಲ್ಲೂಕಿನ ಮೆಣಸಗಿ ಬಳಿ ಮಲಪ್ರಭೆಯನ್ನು ಸೇರುತ್ತದೆ. ನರಗುಂದ ತಾಲ್ಲೂಕಿನ ಕೊಣ್ಣೂರು, ಲಖಮಾಪುರ, ರೋಣ ತಾಲ್ಲೂಕಿನ ಹೊಳೆಆಲೂರು, ಮೆಣಸಗಿ ಮುಂತಾದ ಊರುಗಳು ನೀರಿನಲ್ಲಿ ನಿಂತವು. ಕೊಣ್ಣೂರಿನ ಬಳಿ ಹುಬ್ಬಳ್ಳಿ–ವಿಜಯಪುರದ ಹೆದ್ದಾರಿಯ ಸಂಚಾರವೇ ಕಡಿದುಹೋಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಮತ್ತೊಮ್ಮೆ ನೆರೆ. ಆಗಸ್ಟ್‌ನಲ್ಲಿ ಬುಡ ನೆನೆದು ಹೇಗೋ ನಿಂತಿದ್ದ ಗೋಡೆಗಳು ಅಕ್ಟೋಬರ್‌ ಮಳೆಯನ್ನು ತಾಳುವ ಸ್ಥಿತಿಯಲ್ಲಿರಲಿಲ್ಲ.

ಆಗ ಪೂರ್ಣ ಬಿದ್ದ ಮನೆಗೆ ವಿಪತ್ತು ಪರಿಹಾರ ನಿಧಿಯ ಮಾನದಂಡದಂತೆ ಸಿಗುತ್ತಿದ್ದುದು 95,100 ರೂಪಾಯಿ. ರಾಜ್ಯ ಸರ್ಕಾರ ಅದನ್ನು 5 ಲಕ್ಷಕ್ಕೆ ಏರಿಸಿತು. ಅಲ್ಪ ಹಾನಿಯ ವರ್ಗಕ್ಕೆ 50,000 ರೂಪಾಯಿ. ಇಂಥ ಹೆಚ್ಚಳ ಪ್ರತಿ ವರ್ಷವೂ ಇರುತ್ತದೆಂದು ನಂಬಿ ಕೂರುವಂತಿಲ್ಲ. 2022ರ ಮಾನದಂಡದಲ್ಲಿ ಬಯಲು ಪ್ರದೇಶದ ಪೂರ್ಣ ಹಾನಿಗೆ 1.20 ಲಕ್ಷ ರೂಪಾಯಿ. ಭಾಗಶಃ ಹಾನಿಗೆ ಪಕ್ಕಾ ಮನೆಗೆ 6,500, ಕಚ್ಚಾ ಮನೆಗೆ 4,000 ರೂಪಾಯಿ. ಅದೂ ಕನಿಷ್ಠ ಶೇಕಡಾ 15 ಹಾನಿಯಾಗಿದ್ದರೆ ಮಾತ್ರ. ಇದರಲ್ಲಿ ಒಂದು ಕೋಣೆಯ ಮಾಡೂ ಹೊಸದಾಗುವುದಿಲ್ಲ. ಆದ್ದರಿಂದ ಮುಂಚಿತ ದುರಸ್ತಿಗಿಂತ ಅಗ್ಗದ ಪರಿಹಾರ ಬೇರೊಂದಿಲ್ಲ.

ಮಗ್ಗದ ಮೇಲಿನ ಹನಿ

ಗಜೇಂದ್ರಗಡದ ಪಟ್ಟೇದ ಅಂಚಿನ ಸೀರೆಯ ಹೆಸರು ಕೇಳದವರು ಕಡಿಮೆ. ಅಂಥ ಊರುಗಳಲ್ಲಿ ನೇಕಾರನ ಮನೆಯೇ ಅವನ ಕಾರ್ಖಾನೆ. ಕುಣಿಮಗ್ಗವಿರುವ ಮನೆಯಲ್ಲಿ ಮಾಡು ಸೋರಿದರೆ ಹಾಸಿನ ನೂಲು ನೆನೆಯುತ್ತದೆ, ಗಂಜಿ ಹಾಕಿದ ನೂಲು ಅಂಟಿಕೊಳ್ಳುತ್ತದೆ, ಕುಣಿಯಲ್ಲಿ ನೀರು ನಿಲ್ಲುತ್ತದೆ. ಮನೆ ಬೀಳದಿದ್ದರೂ ವಾರಗಟ್ಟಲೆ ಕೂಲಿ ಹೋಯಿತು. ಈ ನಷ್ಟ ಯಾವ ಪಂಚನಾಮೆಯಲ್ಲೂ ಸುಲಭವಾಗಿ ಬರುವುದಿಲ್ಲ. ಅಡಿಕೆ ಒಣಗಿಸುವ ಚಪ್ಪರ ಸೋರಿ ಚಾಲಿ ಬೂಷ್ಟು ಹಿಡಿದಾಗ, ಕಾಫಿ ಚೀಲ ನೆನೆದು ವಾಸನೆ ಬಂದಾಗ ನಮಗಾಗುವ ನಷ್ಟವೂ ಇದೇ ಜಾತಿಯದು. ಮಾಡಿನ ಬೆಲೆಯನ್ನು ಲೆಕ್ಕ ಹಾಕುವಾಗ ಅದರ ಕೆಳಗಿರುವ ಮಾಲಿನ ಬೆಲೆಯನ್ನೂ ಸೇರಿಸಬೇಕು.

ತಗಡು ಬಂತು, ಗಾಳಿಯೂ ಬಂತು

ಮಣ್ಣು ಹಾಕುವ ಆಳು ಸಿಗದ ಮೇಲೆ ಬಹಳ ಜನ ತಗಡಿಗೆ ಮೊರೆ ಹೋದರು. ಕೆಲವರು ಮಣ್ಣನ್ನು ಇಳಿಸಿ ತಗಡು ಹೊದಿಸಿದರು. ಕೆಲವರು ಮಾಳಿಗೆಯ ಮೇಲೆಯೇ ತಗಡು ಹರಡಿ ಕಲ್ಲು ಹೇರಿದರು. ಮಣ್ಣಿನ ಮಾಳಿಗೆಗೆ ಮಳೆ ಶತ್ರು, ಗಾಳಿಯ ಭಯವಿಲ್ಲ. ತಗಡಿಗೆ ಮಳೆಯ ಭಯವಿಲ್ಲ, ಗಾಳಿ ಶತ್ರು. ಮಾಡು ಬದಲಾದಾಗ ಶತ್ರುವೂ ಬದಲಾಯಿತು ಎಂಬುದನ್ನು ಬಹುಮಂದಿ ಲಕ್ಷಿಸಲಿಲ್ಲ.

ಇಲ್ಲಿಯೂ ಲೆಕ್ಕ ಸರಳ. ಗಂಟೆಗೆ 72 ಕಿಲೋಮೀಟರ್ ವೇಗದ ಗಾಳಿ ಒಂದು ಚದರ ಮೀಟರಿನ ಮೇಲೆ ಸುಮಾರು 24 ಕಿಲೋ ಭಾರದಷ್ಟು ಒತ್ತಡ ತರುತ್ತದೆ. ವೇಗ 108 ಆದರೆ ಒತ್ತಡ 55 ಕಿಲೋ. ವೇಗ ಒಂದೂವರೆ ಪಟ್ಟು, ಒತ್ತಡ ಎರಡು ಪಟ್ಟಿಗೂ ಮಿಗಿಲು. ಅರ್ಧ ಮಿಲಿಮೀಟರ್ ದಪ್ಪದ ತಗಡಿನ ತೂಕವೋ ಚದರ ಮೀಟರಿಗೆ ನಾಲ್ಕೈದು ಕಿಲೋ ಮಾತ್ರ. ಮಾಡಿನ ಅಂಚು ಮತ್ತು ಮೂಲೆಗಳಲ್ಲಿ ಗಾಳಿ ತಗಡನ್ನು ಕೆಳಕ್ಕೆ ಒತ್ತುವುದಿಲ್ಲ, ಮೇಲಕ್ಕೆ ಹೀರುತ್ತದೆ. ಹತ್ತು ಅಡಿಯ ಒಂದು ತಗಡನ್ನು 72 ಕಿಲೋಮೀಟರ್ ಗಾಳಿಯೇ 75 ಕಿಲೋ ಬಲದಿಂದ ಎತ್ತಬಲ್ಲದು. ನಾಲ್ಕು ಕಲ್ಲು ಹೇರಿ ಅದನ್ನು ತಡೆಯುತ್ತೇವೆಂಬುದು ಭ್ರಮೆ. ಮೇಲಾಗಿ ತಗಡು ಎದ್ದಾಗ ಆ ಕಲ್ಲುಗಳು ಒಳಗಿದ್ದವರ ಮೇಲೋ ಬೀದಿಯಲ್ಲಿದ್ದವರ ಮೇಲೋ ಬೀಳುತ್ತವೆ.

ತಗಡು ಹಾಕುವವರು ಮುಖ್ಯವಾಗಿ ಗಮನಿಸತಕ್ಕದ್ದು ಇಷ್ಟು. ತಗಡು ಅಡ್ಡಪಟ್ಟಿಗೆ, ಅಡ್ಡಪಟ್ಟಿ ತೊಲೆಗೆ, ತೊಲೆ ಗೋಡೆಗೆ, ಗೋಡೆ ಅಡಿಪಾಯಕ್ಕೆ ಹೀಗೆ ಸರಪಳಿಯಂತೆ ಬಿಗಿದಿರಬೇಕು. ಒಂದು ಕೊಂಡಿ ಸಡಿಲವಾದರೂ ಇಡೀ ಮಾಡು ಹಾರುತ್ತದೆ. ಅಂಚಿನ ಸಾಲಿನಲ್ಲಿ ಮೊಳೆಯ ಬದಲು ಕೊಕ್ಕೆ ಬೋಲ್ಟು ಅಥವಾ ರಬ್ಬರ್ ವಾಷರಿನ ಸ್ಕ್ರೂ ಹಾಕಿಸಿ, ನಡುವಿಗಿಂತ ಹತ್ತಿರ ಹತ್ತಿರ ಹಾಕಿಸಬೇಕು. ತೂತು ತಗಡಿನ ಉಬ್ಬಿನ ಮೇಲಿರಬೇಕು, ತಗ್ಗಿನಲ್ಲಿದ್ದರೆ ಸೋರುತ್ತದೆ. ಮೇಲುಹೊದಿಕೆಯ ಬಾಯಿ ಗಾಳಿ ಬರುವ ದಿಕ್ಕಿಗೆ ತೆರೆದಿರಬಾರದು. ಗೋಡೆಯಿಂದ ಹೊರಚಾಚಿದ ಸೂರು ಉದ್ದವಾದಷ್ಟೂ ಗಾಳಿಗೆ ಹಿಡಿ ಸಿಕ್ಕಂತೆ.

ನಮ್ಮ ಕಡೆಯ ಹೆಂಚಿನ ಮಾಡಿಗೂ ಇದು ಅನ್ವಯಿಸುತ್ತದೆ. ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ 1865ರಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ಕಡಿದಾದ ಹೆಂಚಿನ ಮಾಡು ನಮ್ಮ ಭಾರಿ ಮಳೆಗೆ ಸರಿಹೊಂದಿ ನೆಲೆ ನಿಂತಿತು. ಆದರೆ 2021ರ ಮೇ ತಿಂಗಳ ತೌಕ್ತೆ ಚಂಡಮಾರುತದಂಥ ಗಾಳಿಗೆ ಅಂಚಿನ ಹೆಂಚುಗಳು ಏಳುತ್ತವೆ. ಅಂಚಿನ ಎರಡು ಸಾಲು ಹೆಂಚನ್ನು ತಂತಿಯಿಂದ ರೀಪಿಗೆ ಬಿಗಿಯುವುದು ಸಣ್ಣ ಖರ್ಚು. ಮೂಲೆಹೆಂಚಿನ ಗಾರೆ ಬಿರುಕು ಬಿಟ್ಟಿದ್ದರೆ ಮೇ ತಿಂಗಳೊಳಗೆ ಸರಿಪಡಿಸಬೇಕು.

ಕೆಲಸಗಾರ ಸಿಗುವುದು ಯಾವಾಗ?

ಬಿರುಗಾಳಿ ಬೀಸಿದ ಮರುದಿನ ಒಂದು ಊರಿನ ನೂರು ಮನೆಗೂ ಕೆಲಸಗಾರ ಬೇಕು. ಊರಿನಲ್ಲಿರುವ ಗೌಂಡಿ, ಬಡಿಗ, ಬೆಸುಗೆಯವನು ಮೂರೋ ನಾಲ್ಕೋ ಜನ. ಆಗ ಎಲ್ಲಿಂದಲೋ ಬಂದ ಗುತ್ತಿಗೆದಾರರು ಓಣಿ ಓಣಿ ತಿರುಗುತ್ತಾರೆ. ಅವರಲ್ಲಿ ಒಳ್ಳೆಯವರೂ ಇದ್ದಾರೆ. ಮುಂಗಡ ಪಡೆದು ತೆಳುವಾದ ತಗಡು ಹೊದಿಸಿ ಹೋಗುವವರೂ ಇದ್ದಾರೆ. ಆತುರದಲ್ಲಿರುವ ಮನೆಯವನಿಗೆ ಇವರನ್ನು ಬೇರ್ಪಡಿಸಿ ನೋಡುವ ವ್ಯವಧಾನ ಇರುವುದಿಲ್ಲ. ಆದ್ದರಿಂದ ಈ ಕೆಳಗಿನ ಸಂಗತಿಗಳನ್ನು ಸದಸ್ಯರು ಬರೆದಿಟ್ಟುಕೊಳ್ಳುವುದು ಒಳಿತು.

1. ಬಿರುಗಾಳಿಯ ಮರುದಿನ ಮಾಡತಕ್ಕ ಕೆಲಸ ತಾಡಪತ್ರಿ ಹೊದಿಸಿ ಬಿಗಿದು ಕಟ್ಟುವುದಷ್ಟೇ. ಇಡೀ ಮಾಡಿನ ಒಪ್ಪಂದವನ್ನು ಆ ದಿನ ಮಾಡಿಕೊಳ್ಳಬಾರದು.

2. ಕೆಲಸಗಾರನ ಊರು, ಮನೆ ತಿಳಿದಿರಬೇಕು. ಅವನು ಎರಡು ಮಳೆಗಾಲದ ಹಿಂದೆ ಮಾಡಿದ ಮಾಡೊಂದನ್ನು ಹೋಗಿ ನೋಡಬೇಕು. ಹೊಸ ಮಾಡು ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ.

3. ಒಂದು ಹಾಳೆಯಲ್ಲಾದರೂ ಬರಹ ಇರಬೇಕು. ಮಾಡಿನ ಅಳತೆ, ತಗಡಿನ ದಪ್ಪ ಮಿಲಿಮೀಟರಿನಲ್ಲಿ, ಸ್ಕ್ರೂ ಬೋಲ್ಟುಗಳ ಬಗೆ, ಹಳೆಯ ಸಾಮಾನು ಯಾರಿಗೆ ಸೇರುತ್ತದೆ, ಎಷ್ಟು ದಿನದಲ್ಲಿ ಮುಗಿಸಬೇಕು, ಒಟ್ಟು ಹಣವೆಷ್ಟು. ಇಬ್ಬರ ಸಹಿಯೂ ಇರಲಿ.

4. ಸಾಮಾನನ್ನು ಸಾಧ್ಯವಾದರೆ ನಾವೇ ಕೊಂಡು, ಬಿಲ್ಲು ಪಡೆದು ಇಟ್ಟುಕೊಳ್ಳುವುದು ಮೇಲು. ಆಗ ಮುಂಗಡ ಕೂಲಿಗೆ ಮಾತ್ರ ಸೀಮಿತವಾಗುತ್ತದೆ.

5. ಹಣವನ್ನು ಮೂರು ಕಂತಿನಲ್ಲಿ ಕೊಡಬೇಕು. ಕೊನೆಯ ಹತ್ತರಲ್ಲೊಂದು ಪಾಲನ್ನು ಮೊದಲ ದೊಡ್ಡ ಮಳೆ ಕಳೆದ ಮೇಲೆ ಕೊಡುವುದೆಂದು ಮೊದಲೇ ಮಾತಾಡಿಕೊಂಡರೆ ಮನಸ್ತಾಪವಿರದು. ಸೋರದಿದ್ದರೆ ಆ ಹಣವನ್ನು ಕೇಳಿಸಿಕೊಳ್ಳದೆ ತಲುಪಿಸುವುದೂ ನಮ್ಮ ಧರ್ಮ.

6. ಕೆಲಸ ಮುಗಿದ ದಿನ ಕೊಡಗಳಿಂದ ನೀರು ಹೊಯ್ದು ನೋಡಬೇಕು. ಮಳೆಯೇ ಪರೀಕ್ಷೆ ಮಾಡಲೆಂದು ಕಾಯಬಾರದು.

ಮಣ್ಣಿನ ಮಾಳಿಗೆ ಉಳಿಸಿಕೊಳ್ಳುವವರು ಇನ್ನೊಂದು ಮಾತನ್ನು ಒಪ್ಪಂದದಲ್ಲಿ ಸೇರಿಸಬೇಕು. ಹೊಸ ಮಣ್ಣು ಹಾಕುವ ಮೊದಲು ಹಳೆಯ ಮಣ್ಣನ್ನು ಮೂಲ ದಪ್ಪಕ್ಕೆ ಇಳಿಸಬೇಕು. ಪ್ರತಿ ತೊಲೆಯ ತುದಿಯನ್ನೂ ಚುಚ್ಚಿ ಪರೀಕ್ಷಿಸಬೇಕು. ಹಳೆಯ ಮಣ್ಣಿನ ಮೇಲೆ ಪ್ಲಾಸ್ಟಿಕ್ ಹಾಳೆ ಹರಡಿ ಸುಮ್ಮನಾಗುವುದರಿಂದ ಒಳಗಿನ ತೇವ ಆರದೆ ಕಟ್ಟಿಗೆ ಬೇಗ ಕೊಳೆಯುತ್ತದೆ.

ಮೇಲೆ ಹತ್ತುವವನ ಜೀವ

ಮಾಡು ನಮ್ಮದಾದರೂ ಅದರ ಮೇಲೆ ಹತ್ತುವ ಜೀವ ಇನ್ನೊಬ್ಬರದು. ಒದ್ದೆ ಹೆಂಚು, ಪಾಚಿ ಹಿಡಿದ ಸಿಮೆಂಟ್ ಶೀಟು, ಗೆದ್ದಲು ತಿಂದ ರೀಪು ಇವುಗಳಿಂದ ಬಿದ್ದು ಸೊಂಟ ಮುರಿದುಕೊಂಡವರು ಊರೂರಿನಲ್ಲೂ ಇದ್ದಾರೆ. ಹಳೆಯ ಕಲ್ನಾರು ಶೀಟು ಗಟ್ಟಿಯಾಗಿ ಕಂಡರೂ ಕಾಲಿಟ್ಟೊಡನೆ ಒಡೆಯಬಹುದು. ಅದರ ಮೇಲೆ ನೇರವಾಗಿ ನಡೆಯಬಾರದು. ಅಡ್ಡಪಟ್ಟಿಗಳ ಮೇಲೆ ಕೂರುವಂತೆ ಹಲಗೆ ಹಾಸಿಕೊಂಡು ನಡೆಯಬೇಕು. ಆ ಶೀಟನ್ನು ಒಣಗಿದಾಗ ಒಡೆಯುವುದು, ಗರಗಸದಿಂದ ಕೊಯ್ಯುವುದು ಮಾಡಬಾರದು. ಅದರ ಧೂಳು ಶ್ವಾಸಕೋಶಕ್ಕೆ ಕೇಡು. ನೀರು ಚಿಮುಕಿಸಿ ಇಡಿಯಾಗಿ ಇಳಿಸಬೇಕು.

ಸೊಂಟಕ್ಕೆ ಹಗ್ಗ ಕಟ್ಟಿ ಗಟ್ಟಿಯಾದ ಆಧಾರಕ್ಕೆ ಬಿಗಿಯುವುದನ್ನು ಕೆಲಸಗಾರ ಬೇಡವೆಂದರೂ ಮನೆಯವರು ಬೇಕೆನ್ನಬೇಕು. ವಿದ್ಯುತ್ ತಂತಿ ಮಾಡಿನ ಹತ್ತಿರ ಹಾದಿದ್ದರೆ ಸಂಪರ್ಕ ಕಡಿಸಿದ ಮೇಲೆಯೇ ತಗಡು ಎತ್ತಬೇಕು. ಗುಡುಗು ಕೇಳಿಸಿತೆಂದರೆ ಯಾರೂ ಮೇಲೆ ಇರತಕ್ಕದ್ದಲ್ಲ. ಕರ್ನಾಟಕ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಣಿಯಾದ ಕಾರ್ಮಿಕನಿಗೆ ಅಪಘಾತ, ಚಿಕಿತ್ಸೆ ಮುಂತಾದ ಸೌಲಭ್ಯಗಳಿವೆ. ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದವರು ಇದಕ್ಕೆ ಅರ್ಹರು. ನಮ್ಮ ಮಾಡು ಹತ್ತುವವನ ಬಳಿ ಈ ಗುರುತಿನ ಚೀಟಿ ಇದೆಯೇ ಎಂದು ಕೇಳೋಣ. ಇಲ್ಲದಿದ್ದರೆ ಮಾಡಿಸಿಕೊಳ್ಳಲು ನೆರವಾಗೋಣ.

ನಾವು ಮಾಡಬಹುದಾದದ್ದು

ಈಗ ಮೊದಲ ಕಾರಣಕ್ಕೆ ಬರೋಣ. ಬಯಲು ಸೀಮೆಯಲ್ಲಿ ಮಾಳಿಗೆಗೆ ಮಣ್ಣು ಹಾಕುವ ಕಾಲ ಏಪ್ರಿಲ್, ಮೇ. ರೋಹಿಣಿ ಮಳೆ ಹೂಡುವ ಮೊದಲು ಅದು ಮುಗಿಯಬೇಕು. ದೂರ ದುಡಿಯಲು ಬಂದ ಕುಟುಂಬ ಆ ಹೊತ್ತಿಗೆ ಊರು ಸೇರದಿದ್ದರೆ ಮುದುಕರು ಮಕ್ಕಳು ಇರುವ ಮನೆಯ ಮಾಡು ಹಾಗೆಯೇ ಮಳೆಗೆ ಒಡ್ಡಿಕೊಳ್ಳುತ್ತದೆ. ಮೇ ತಿಂಗಳಲ್ಲಿ ನಮ್ಮಲ್ಲೂ ಕೆಲಸದ ಒತ್ತಡವಿರುವುದು ನಿಜ. ಆದರೂ ಹದಿನೈದು ದಿನದ ರಜೆಯನ್ನೂ ದುರಸ್ತಿಗೆ ತಕ್ಕಷ್ಟು ಮುಂಗಡವನ್ನೂ ಮೊದಲೇ ಗೊತ್ತುಮಾಡಿ ಕೊಟ್ಟರೆ ಅವರೂ ನಿಶ್ಚಿಂತೆಯಿಂದ ಮರಳುತ್ತಾರೆ. ಮಳೆಗಾಲದಲ್ಲಿ ಮನೆ ಬಿದ್ದ ಸುದ್ದಿ ಬಂದು ಎದ್ದುಹೋದವರು ಆ ಸಾಲಿನ ಕೊಯ್ಲಿಗೆ ಬಾರದಿದ್ದರೆ ಅದು ಅವರ ತಪ್ಪಲ್ಲ.

ಮನೆ ಬಿದ್ದಾಗ ಇನ್ನೊಂದು ತೊಡಕು ಇದೆ. ಕಂದಾಯ ಇಲಾಖೆಯವರು ಪರಿಶೀಲನೆಗೆ ಬಂದ ದಿನ ಮನೆಯ ಯಜಮಾನ ನಮ್ಮ ತೋಟದಲ್ಲಿರುತ್ತಾನೆ. ಮನೆಯ ಉತಾರ ಸತ್ತುಹೋದ ತಂದೆಯ ಹೆಸರಿನಲ್ಲಿರುತ್ತದೆ. ಹಾನಿಯ ಚಿತ್ರ ತೆಗೆಯುವ ಮೊದಲೇ ಮಣ್ಣು ಬಳಿದು ಹಾಕಿರುತ್ತಾರೆ. ಆದ್ದರಿಂದ ನಮ್ಮಲ್ಲಿ ದುಡಿಯುವವರಿಗೆ ಹೇಳಬೇಕಾದ ಮಾತು ಇದು: ಮನೆಯ ಕಾಗದವನ್ನು ಈಗಲೇ ಸ್ವಂತ ಹೆಸರಿಗೆ ಮಾಡಿಸಿಕೊಳ್ಳಿರಿ, ತೆರಿಗೆ ರಸೀದಿ, ಆಧಾರ್, ಬ್ಯಾಂಕ್ ಪುಸ್ತಕದ ನಕಲು ಊರಿನಲ್ಲಿರುವವರ ಕೈಯಲ್ಲಿಡಿರಿ, ಮನೆ ಗಟ್ಟಿಯಿರುವಾಗಲೇ ನಾಲ್ಕೂ ಕಡೆಯಿಂದ ಒಂದೊಂದು ಚಿತ್ರ ತೆಗೆದಿಡಿರಿ. ಓದು ಬರಹ ಬಲ್ಲ ಬೆಳೆಗಾರನಿಗೆ ಇಷ್ಟು ನೆರವು ನೀಡುವುದು ಒಂದು ಸಂಜೆಯ ಕೆಲಸ.

ನಮ್ಮ ನಮ್ಮ ಲೈನ್ ಮನೆಗಳ ಮಾಡನ್ನೂ ಇದೇ ಕಣ್ಣಿನಿಂದ ನೋಡಬೇಕಾಗಿದೆ. ಯಜಮಾನನ ಮನೆಯ ಹೆಂಚು ಬದಲಾದ ಮೇಲೆ ಹಳೆಯ ಹೆಂಚು ಲೈನ್ ಮನೆಗೆ ಹೋಗುವುದು ರೂಢಿ. ಹೋಗಲಿ, ಆದರೆ ಒಡೆದದ್ದು ಹೋಗಬಾರದು.

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆ ನಮ್ಮಲ್ಲಿದೆ. ಕಟ್ಟಿದ ಮನೆಯನ್ನು ಮಳೆ ಗಾಳಿಯಲ್ಲಿ ಉಳಿಸಿಕೊಳ್ಳುವುದು ಅದಕ್ಕಿಂತ ಕಷ್ಟದ ಕೆಲಸ, ಯಾಕೆಂದರೆ ಅದು ಪ್ರತಿ ವರ್ಷವೂ ಬರುತ್ತದೆ. ಮಾರ್ಚ್ ತಿಂಗಳಲ್ಲಿ ಏಣಿ ಹಾಕಿ ಮಾಡನ್ನೊಮ್ಮೆ ನೋಡಿಸುವುದು, ಏಪ್ರಿಲ್‌ನಲ್ಲಿ ಕೆಲಸಗಾರನನ್ನು ಗೊತ್ತುಮಾಡುವುದು, ಮೇ ಎರಡನೆಯ ವಾರದೊಳಗೆ ಮುಗಿಸುವುದು ಎಂಬ ಕ್ರಮವನ್ನು ಪ್ರತಿಯೊಬ್ಬ ಸದಸ್ಯರೂ ತೋಟದ ಕೆಲಸದ ಪಟ್ಟಿಯಲ್ಲೇ ಸೇರಿಸಿಕೊಳ್ಳಬೇಕೆಂದು ನಾವು ಸೂಚಿಸುತ್ತೇವೆ. ನಾಲ್ಕು ಮನೆಯವರು ಕೂಡಿ ಒಬ್ಬನೇ ಒಳ್ಳೆಯ ಕೆಲಸಗಾರನನ್ನು ಒಂದು ವಾರಕ್ಕೆ ಗೊತ್ತುಮಾಡಿಕೊಂಡರೆ ಅವನಿಗೂ ಬಿಡುವಿಲ್ಲದ ಕೂಲಿ, ನಮಗೂ ನ್ಯಾಯವಾದ ದರ. ರೋಣದ ಓಣಿಯಲ್ಲಿ ಮುಯ್ಯಾಳಿನಿಂದ ನಡೆಯುತ್ತಿದ್ದುದೂ ಇದೇ, ನಮ್ಮ ಸಹಕಾರ ಸಂಘದ ಮೂಲತತ್ತ್ವವೂ ಇದೇ.